ಟೊಮೇಟೊ ಸಲಾಡ್: ಅಥೆನ್ಸ್‌ನಲ್ಲಿ ತಿಂದ ರುಚಿ ಮನೆಯಲ್ಲಿ ಯಾಕೆ ಬರುತ್ತಿಲ್ಲ?

ಟೊಮೇಟೊ_ತಲೆನೋವು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಅಡುಗೆ ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ. ಆಗಸ್ಟ್‌ನಲ್ಲಿ ಕೆಲಸದ ಮೇಲೆ ಅಥೆನ್ಸ್‌ಗೆ ಹೋಗಿದ್ದೆ. ಸಸ್ಯಾಹಾರಿಯಾದ ನಾನು ಅಲ್ಲಿ ಹೆಚ್ಚು ತಿಂದದ್ದು ಟೊಮೇಟೊ, ಸೌತೆಕಾಯಿ, ಈರುಳ್ಳಿ, ಮೇಲೊಂದು ಫೆಟಾ ಚೀಸ್ ತುಂಡು ಇಟ್ಟ ಸಲಾಡನ್ನೇ. ಮಸಾಲೆ ಇಲ್ಲ, ಒಗ್ಗರಣೆ ಇಲ್ಲ, ಆದರೂ ಬೇಜಾರಾಗಲಿಲ್ಲ.

ಇಲ್ಲಿ ಅದೇ ಸಾಮಾನು ತಂದು ಮಾಡಿದರೆ ಬರೀ ಸಪ್ಪೆ. ಟೊಮೇಟೊ ಸೂಪರ್‌ಮಾರ್ಕೆಟ್‌ನದು, ಕೆಂಪಗೆ ಗುಂಡಗೆ ಚೆನ್ನಾಗಿಯೇ ಇರುತ್ತದೆ. ಫೆಟಾಕ್ಕೂ ಆಲಿವ್ ಎಣ್ಣೆಗೂ ಜಿಪುಣತನ ಮಾಡಿಲ್ಲ. ಹೆಚ್ಚಿ, ಎಲ್ಲ ಕಲಸಿ, ಒಂದು ಗಂಟೆ ಫ್ರಿಜ್‌ನಲ್ಲಿ ತಣ್ಣಗೆ ಮಾಡುತ್ತೇನೆ. ಬಡಿಸುವ ಹೊತ್ತಿಗೆ ತಳದಲ್ಲಿ ನೀರು ನಿಂತಿರುತ್ತದೆ, ಅದನ್ನು ಬಸಿದು ಚೆಲ್ಲುತ್ತೇನೆ. ಎಲ್ಲಿ ಕೈ ಜಾರುತ್ತಿದೆ?

ಕಡಲದಂಡೆ (ಥೆಸಲೊನೀಕಿ)

ಸರ್, ಸಲಾಡನ್ನು ಸಿಂಕ್‌ಗೆ ಸುರಿದು ಸಪ್ಪೆ ತರಕಾರಿಯನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದೀರಿ! ಆ ನೀರೇ ಇಲ್ಲಿ ಗ್ರೀಸ್‌ನವರಿಗೆ ಮುಖ್ಯ. ಟೊಮೇಟೊ ರಸ, ಉಪ್ಪು, ಎಣ್ಣೆ, ಫೆಟಾದಿಂದ ಉದುರಿದ ಪುಡಿ ಎಲ್ಲ ಸೇರಿ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ಬ್ರೆಡ್ ಅದ್ದಿ ತಿನ್ನುವುದೇ ಊಟದ ಕೊನೆಯ ಕೆಲಸ. ಮನೆಯಲ್ಲಿ ಆ ರಸಕ್ಕೆ ಮಕ್ಕಳ ಜಗಳ ಆಗುತ್ತದೆ.

ನಾನು ಇಲ್ಲಿನ ಅತ್ತೆಯವರಿಂದ ಕಲಿತ ಕ್ರಮ ಹೀಗಿದೆ. ನಾಲ್ಕು ಜನಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಟೊಮೇಟೊ. ಚೆನ್ನಾಗಿ ಹಣ್ಣಾಗಿರಬೇಕು, ಫ್ರಿಜ್ ಕಂಡಿರಬಾರದು. ಬಟ್ಟಲಿನ ಮೇಲೆಯೇ ಕೈಯಲ್ಲಿ ಹಿಡಿದು ದೊಡ್ಡ ದೊಡ್ಡ ಹೋಳು ಮಾಡುತ್ತಾರೆ. ಹಲಗೆ ಮೇಲೆ ಹೆಚ್ಚಿದರೆ ರಸ ಹಲಗೆಗೇ ಹೋಗುತ್ತದೆ. ಮೊದಲು ಟೊಮೇಟೊಗೆ ಮಾತ್ರ ಉಪ್ಪು ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ಅಷ್ಟರಲ್ಲಿ ಒಂದು ಸೌತೆಕಾಯಿಯ ಸಿಪ್ಪೆ ತೆಗೆದು ದಪ್ಪ ಬಿಲ್ಲೆ ಮಾಡಿ. ಅರ್ಧ ಈರುಳ್ಳಿ, ಒಂದು ಹಸಿರು ಕ್ಯಾಪ್ಸಿಕಂ ಬಳೆ ಬಳೆಯಾಗಿ ಹೆಚ್ಚಿ. ಬೀಜ ತೆಗೆಯದ ಕಲಮಾಟ ಆಲಿವ್ ಒಂದು ಹಿಡಿ. ಮೇಲೆ ಫೆಟಾವನ್ನು ಪುಡಿ ಮಾಡದೆ ಒಂದೇ ಹಲ್ಲೆಯಾಗಿ ಇಡಿ. ಅದರ ಮೇಲೆ ಒಣ ಒರೆಗಾನೊವನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ. ಕೊನೆಗೆ ಎಣ್ಣೆ, ನಾಲ್ಕೈದು ದೊಡ್ಡ ಚಮಚ. ಕೈ ಹಿಡಿಯಬೇಡಿ.

ಫೆಟಾ, ಆಲಿವ್ ಎರಡೂ ಉಪ್ಪಿನವೇ. ಹಾಗಾಗಿ ಟೊಮೇಟೊಗೆ ಹಾಕಿದ ಉಪ್ಪು ಬಿಟ್ಟರೆ ಬೇರೆ ಬೇಡ. ಕೆಲವು ದ್ವೀಪಗಳಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಕೇಪರ್ ಗಿಡದ ಹೂಮೊಗ್ಗನ್ನೂ ಹಾಕುತ್ತಾರೆ. ಲೆಟಿಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ವಿದೇಶದ ಹೋಟೆಲ್‌ಗಳು ಸೇರಿಸಿದ್ದು.

ಉಪ್ಪಿಗೊಂದು_ಕಲ್ಲು (ಮೈಸೂರು)

ವಿನೆಗರ್ ಬಿಟ್ಟಿರಲ್ಲ ಮೇಡಂ?

ಕಡಲದಂಡೆ (ಥೆಸಲೊನೀಕಿ)

ಬಿಟ್ಟಿದ್ದು ಬೇಕೆಂದೇ. ಹಾಕುವ ಮನೆ ಇದೆ, ಹಾಕದ ಮನೆ ಇದೆ. ನಮ್ಮ ಅತ್ತೆ ಹಾಕುವುದಿಲ್ಲ, ಅವರ ಸ್ವಂತ ತಂಗಿ ಹಾಕುತ್ತಾರೆ. ಇಬ್ಬರೂ ಒಬ್ಬರ ಸಲಾಡನ್ನು ಇನ್ನೊಬ್ಬರು ಹೊಗಳಿದ್ದು ನಾನು ಕೇಳಿಲ್ಲ. ಟೊಮೇಟೊ ತಾನೇ ಹುಳಿಯಿದ್ದರೆ ವಿನೆಗರ್ ಯಾಕೆ ಅನ್ನುವುದು ನನ್ನ ಮಾತು.

ಮಲೆನಾಡ_ಮೇಷ್ಟ್ರು (ಶಿವಮೊಗ್ಗ)

ಫ್ರಿಜ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅಜ್ಜಿಯರ ನಂಬಿಕೆ ಮಾತ್ರ ಅಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದವರು 2016ರಲ್ಲಿ ಇದರ ಒಳಗುಟ್ಟು ಪ್ರಕಟಿಸಿದರು. ಹಣ್ಣಾದ ಟೊಮೇಟೊವನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಅದರ ಸಕ್ಕರೆ, ಹುಳಿ ಹೆಚ್ಚು ಬದಲಾಗುವುದಿಲ್ಲ. ಹೋಗುವುದು ಪರಿಮಳ. ಆ ಪರಿಮಳ ತಯಾರಿಸುವ ಜೀನ್‌ಗಳು ಚಳಿಗೆ ಮುಚ್ಚಿಕೊಳ್ಳುತ್ತವೆ. ಆಮೇಲೆ ಹೊರಗೆ ತೆಗೆದು ಇಟ್ಟರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. 12 ಡಿಗ್ರಿಗಿಂತ ಕೆಳಗೆ ಹೋದರೆ ತೊಂದರೆ ಶುರು. ನಮ್ಮ ಫ್ರಿಜ್‌ಗಳು ಇರುವುದು 4–5 ಡಿಗ್ರಿಯಲ್ಲಿ.

ತಲೆನೋವು ಅವರೇ, ನಿಮ್ಮ ಒಂದು ಗಂಟೆಯಿಂದ ಜೀನ್ ಕೆಡುವುದಿಲ್ಲ, ಗಾಬರಿ ಬೇಡ. ಆದರೆ ತಣ್ಣಗಿರುವ ಪದಾರ್ಥದಿಂದ ಪರಿಮಳ ಮೇಲೇಳುವುದೇ ಕಡಿಮೆ, ಮೂಗಿಗೆ ಏನೂ ಸಿಗುವುದಿಲ್ಲ. ಅಂಗಡಿಯವರೂ ಅದನ್ನು ತಣ್ಣನೆ ಕಪಾಟಿನಲ್ಲೇ ಇಟ್ಟಿದ್ದರೆ ನೀವು ತರುವ ಮೊದಲೇ ಕಥೆ ಮುಗಿದಿರುತ್ತದೆ.

ಇನ್ನೊಂದು ವಿಷಯ. ಬೀಜದ ಸುತ್ತ ಇರುವ ಲೋಳೆಯನ್ನು ಕೆಲವರು ಕೆರೆದು ತೆಗೆಯುತ್ತಾರೆ. ಅದು ಬೇಡ. 2007ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಹೆಸ್ಟನ್ ಬ್ಲೂಮೆಂತಾಲ್ ಎಂಬ ಬಾಣಸಿಗರ ಜೊತೆ ಸೇರಿ ಪರೀಕ್ಷೆ ಮಾಡಿದ್ದರು. ಗ್ಲುಟಮೇಟ್, ಅಂದರೆ ನಾಲಿಗೆಗೆ ಇನ್ನೂ ಬೇಕು ಅನ್ನಿಸುವ ಅಂಶ, ಹೊರಗಿನ ತಿರುಳಿಗಿಂತ ಆ ಲೋಳೆಯಲ್ಲೇ ಜಾಸ್ತಿ. ಉಪ್ಪು ಹಾಕಿದಾಗ ತಳಕ್ಕೆ ಇಳಿಯುವ ರಸದಲ್ಲಿ ಅದೂ ಸೇರಿರುತ್ತದೆ. ಕಡಲದಂಡೆಯವರ ಅತ್ತೆಗೆ ಇದು ಪ್ರಯೋಗಾಲಯ ಇಲ್ಲದೆಯೇ ಗೊತ್ತಿತ್ತು.

ಜವಾರಿ_ಕೈರುಚಿ (ಧಾರವಾಡ)

ಮೇಷ್ಟ್ರು ಹೇಳಿದ್ದು ಖರೇ ಐತ್ರಿ, ಆದರೆ ಮೊದಲು ಟೊಮೇಟೊ ಯಾವುದು ಅಂತ ಕೇಳಬೇಕಲ್ಲ. ಸೂಪರ್‌ಮಾರ್ಕೆಟ್‌ನ ಕೆಂಪು ಗುಂಡು ಹಣ್ಣು ಲಾರಿಗಾಗಿ ಹುಟ್ಟಿದ್ದು. ತೊಗಲು ದಪ್ಪ, ತಿರುಳು ಗಟ್ಟಿ, ಕೆಳಗೆ ಬಿದ್ದರೂ ಒಡೆಯುವುದಿಲ್ಲ. ಕೋಲಾರದ ಮಾರುಕಟ್ಟೆಯಿಂದ 15 ಕಿಲೋ ಬಾಕ್ಸ್‌ನಲ್ಲಿ ಹೊರಟು ದೂರದ ರಾಜ್ಯ ಮುಟ್ಟಬೇಕಾದರೆ ಅದು ಹಾಗೇ ಇರಬೇಕು. ಬೆಳೆದವರದು ತಪ್ಪಿಲ್ಲ. ಅದು ಸಾರಿಗೆ, ಗೊಜ್ಜಿಗೆ ನಡೆಯುತ್ತದೆ. ಹಸಿ ತಿನ್ನಲು ಜವಾರಿ ಹಣ್ಣೇ ಬೇಕು. ಚಪ್ಪಟೆ, ಪಕ್ಕೆ ಪಕ್ಕೆ ಇರುವುದು, ಹಿಡಿದರೆ ಮೆತ್ತಗೆ, ಎರಡು ದಿನಕ್ಕಿಂತ ತಡೆಯುವುದಿಲ್ಲ. ಬೆಂಗಳೂರಿನವರು ನಾಟಿ ಅನ್ನುತ್ತೀರಿ. ಗಾಡಿಯವನ ಹತ್ತಿರ ಸಂತೆ ದಿನ ಹೋಗಿ, ಪೂರ್ತಿ ಹಣ್ಣಾದದ್ದನ್ನು ಆರಿಸಿ. ಅವನು ಸಂಜೆಗೆ ಕಡಿಮೆಗೆ ಕೊಡುವ ಹಣ್ಣೇ ನಿಮಗೆ ಬೇಕಾದದ್ದು.

ನಮ್ಮ ಕೋಸಂಬರಿಗೂ ಇದಕ್ಕೂ ಒಂದು ಫರಕು ನೋಡ್ರಿ. ಕೋಸಂಬರಿಗೆ ನೀರು ಬಿಡಬಾರದು ಅಂತ ಉಪ್ಪನ್ನು ಬಡಿಸುವ ಮುಂದೆ ಹಾಕುತ್ತೇವೆ. ಇವರದು ಪೂರ್ತಿ ಉಲ್ಟಾ. ನೀವು ಕೋಸಂಬರಿ ಬುದ್ಧಿಯಿಂದ ಗ್ರೀಕ್ ಸಲಾಡ್ ಮಾಡಲು ಹೋಗಿದ್ದೀರಿ, ಅಷ್ಟೇ.

ಮಲೆನಾಡ_ಮೇಷ್ಟ್ರು (ಶಿವಮೊಗ್ಗ)

ಕೈರುಚಿಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಹಸಿರಿದ್ದಾಗಲೇ ಕಿತ್ತ ಕಾಯಿಗೆ ಆಮೇಲೆ ಬಣ್ಣ ಬರುತ್ತದೆ, ಮೆತ್ತಗೂ ಆಗುತ್ತದೆ. ಆದರೆ ಎಲೆಯಿಂದ ಬರಬೇಕಿದ್ದ ಸಕ್ಕರೆ ಕಿತ್ತ ದಿನವೇ ನಿಂತುಹೋಯಿತು. ಬೇಗ ಹಣ್ಣಾಗಲಿ ಅಂತ ಬಾಳೆಹಣ್ಣಿನ ಜೊತೆ ಇಟ್ಟರೂ ಅದು ಸಿಗುವುದಿಲ್ಲ.

ತಳಿ ಮಾಡುವವರ ಕಡೆಯಿಂದಲೂ ಒಂದು ಎಡವಟ್ಟಾಗಿದೆ. ಕಾಯಿ ಎಲ್ಲ ಕಡೆ ಒಂದೇ ಸಮ ತಿಳಿ ಹಸಿರಾಗಿದ್ದು ಒಂದೇ ಸಲ ಕೆಂಪಾಗಬೇಕು ಅಂತ ದಶಕಗಳ ಕಾಲ ಆರಿಸುತ್ತಾ ಬಂದರು. ಹಾಗೆ ಆರಿಸುವಾಗ ಕಾಯಿಯೊಳಗೇ ಸಕ್ಕರೆ ತಯಾರಾಗಲು ನೆರವಾಗುವ ಒಂದು ಜೀನ್ ಕೈಬಿಟ್ಟುಹೋಗಿತ್ತು. ಅದು ಗೊತ್ತಾದದ್ದು 2012ರಲ್ಲಿ. ತೊಟ್ಟಿನ ಸುತ್ತ ಕಡು ಹಸಿರು ಹೆಗಲು ಇರುವ ಹಣ್ಣನ್ನು ನಾವು ಅರ್ಧಂಬರ್ಧ ಅಂತ ಪಕ್ಕಕ್ಕೆ ಇಡುತ್ತೇವೆ. ಆ ಹಸಿರನ್ನು ನೋಡಿ ಖುಷಿಪಡಬೇಕಿತ್ತು.

ವೆಸುವಿಯಸ್_ಕೆಳಗೆ (ನೇಪಲ್ಸ್)

ಹಸಿರು ಹೆಗಲಿನ ಮಾತು ಬಂತಲ್ಲ, ನಾನೂ ಸೇರಿಕೊಳ್ಳುತ್ತೇನೆ. ಇಲ್ಲಿ ಇಟಲಿಯಲ್ಲಿ ಸಲಾಡ್‌ಗೆ ಟೊಮೇಟೊ ಕೇಳಿದರೆ ತರಕಾರಿಯವನು ಸ್ವಲ್ಪ ಹಸಿರು ಉಳಿದದ್ದನ್ನೇ ಕೊಡುತ್ತಾನೆ. ಪೂರ್ತಿ ಕೆಂಪಾದದ್ದು ಸಾಸ್‌ಗೆ. ಬಂದ ಹೊಸದರಲ್ಲಿ ನನಗೆ ಇದು ಮೋಸ ಅನ್ನಿಸಿತ್ತು. ಈಗ ಆ ಕರುಂ ಅನ್ನುವ ಹುಳಿ ಇಲ್ಲದೆ ಆಗುವುದಿಲ್ಲ. ಹೆಸರು ಕೇಳಿ ಸಾನ್ ಮಾರ್ಜಾನೊ ಡಬ್ಬಿ ತರಬೇಡಿ. ಅದು ಬೇಯಿಸುವ ಟೊಮೇಟೊ, ಹಸಿ ಸಲಾಡ್‌ಗೆ ಅಲ್ಲ. ಸಲಾಡ್‌ಗೆ ಇಲ್ಲಿ ಸೊರೆಂಟೊ ಕಡೆಯ ದೊಡ್ಡ ಗುಲಾಬಿ ಟೊಮೇಟೊ ಅಥವಾ ಎತ್ತಿನ ಹೃದಯ ಅಂತ ಕರೆಯುವ ಜಾತಿ.

ಕಾಪ್ರಿ ದ್ವೀಪದ ಹೆಸರಿನ ಕಪ್ರೇಸೆ ಸಲಾಡ್ ಎಲ್ಲರಿಗೂ ಗೊತ್ತು. ಟೊಮೇಟೊ, ಮೊಜರೆಲ್ಲಾ ಚೀಸ್, ತುಳಸಿ ಜಾತಿಯ ಬೇಸಿಲ್ ಎಲೆ, ಉಪ್ಪು, ಎಣ್ಣೆ. ಮುಗಿಯಿತು. ಇದಕ್ಕೆ ವಿನೆಗರ್ ಬಿದ್ದರೆ ಹಾಲಿನ ಸಿಹಿ ಹೊರಟುಹೋಗುತ್ತದೆ. ಆ ಕಪ್ಪು ಬಾಲ್ಸಮಿಕ್ ವಿನೆಗರ್ ಗೆರೆಗಳನ್ನು ಎಳೆಯುವವರನ್ನು ಕಂಡರೆ ನನ್ನ ಪಕ್ಕದ ಮನೆಯವರು ಮಾತೇ ನಿಲ್ಲಿಸುತ್ತಾರೆ. ಮೊಜರೆಲ್ಲಾ ಎಮ್ಮೆ ಹಾಲಿನದಾದರೆ ಒಳ್ಳೆಯದು, ಮುಖ್ಯವಾಗಿ ಅದು ತಣ್ಣಗಿರಬಾರದು. ಇಲ್ಲಿ ಬೆಳಿಗ್ಗೆ ತಂದದ್ದನ್ನು ಅದರ ನೀರಿನಲ್ಲೇ ಹೊರಗಿಟ್ಟು ಮಧ್ಯಾಹ್ನ ತಿನ್ನುತ್ತಾರೆ. ಎಮ್ಮೆ ಹಾಲು ನಮಗೇನು ಹೊಸದಲ್ಲವಲ್ಲ. ಬೆಂಗಳೂರಿನಲ್ಲಿ ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಜರೆಲ್ಲಾ ಸಿಗುತ್ತದೆ, ಅದನ್ನೇ ತನ್ನಿ. ಪಿಜ್ಜಾಗೆ ತುರಿಯುವ ಗಟ್ಟಿ ಇಟ್ಟಿಗೆ ಇದಕ್ಕೆ ಬೇಡ.

ಉಪ್ಪಿಗೊಂದು_ಕಲ್ಲು (ಮೈಸೂರು)

ಮೊಜರೆಲ್ಲಾ, ಫೆಟಾ ಎಲ್ಲ ಸರಿ ಸ್ವಾಮಿ. 200 ಗ್ರಾಂ ಫೆಟಾ ದುಡ್ಡಿಗೆ ನಮ್ಮ ಮನೆಯ ವಾರದ ತರಕಾರಿ ಬರುತ್ತದೆ. ಪನೀರ್ ಹಾಕಿದರೆ ಆಕಾಶ ಬೀಳುತ್ತದಾ? ನಾನು ಅದನ್ನೇ ಹಾಕುತ್ತೇನೆ, ಮನೆಯವರೆಲ್ಲ ತಿನ್ನುತ್ತಾರೆ.

ಕಡಲದಂಡೆ (ಥೆಸಲೊನೀಕಿ)

ಆಕಾಶ ಬೀಳುವುದಿಲ್ಲ. ಆದರೆ ಅದು ಬೇರೆ ತಿಂಡಿ. ಪನೀರ್ ಅಂದರೆ ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು. ಅದಕ್ಕೆ ಉಪ್ಪಿಲ್ಲ, ವಯಸ್ಸೂ ಇಲ್ಲ. ಫೆಟಾ ಉಪ್ಪುನೀರಿನಲ್ಲಿ ಕನಿಷ್ಠ ಎರಡು ತಿಂಗಳು ಮಾಗಿದ್ದು. ಕಡಿಮೆ ಎಂದರೆ ನೂರಕ್ಕೆ 70 ಭಾಗ ಕುರಿ ಹಾಲು, ಉಳಿದದ್ದು ಬೇಕಾದರೆ ಮೇಕೆ ಹಾಲು. ಹಸುವಿನ ಹಾಲು ಇಲ್ಲ. ಈ ಹೆಸರು ಗ್ರೀಸ್‌ನ ಚೀಸ್‌ಗೆ ಮಾತ್ರ ಅಂತ ಯುರೋಪಿನ ಒಕ್ಕೂಟ 2002ರಲ್ಲಿ ದಾಖಲೆ ಮಾಡಿತು. ಡೆನ್ಮಾರ್ಕ್, ಜರ್ಮನಿಯವರು ಕೋರ್ಟ್‌ಗೆ ಹೋದರು. 2005ರಲ್ಲಿ ಗ್ರೀಸ್ ಗೆದ್ದಿತು. ನಿಮ್ಮ ಅಂಗಡಿಯ ಪೊಟ್ಟಣದ ಹಿಂದೆ ಹಸುವಿನ ಹಾಲು ಅಂತ ಇದ್ದರೆ ದುಡ್ಡು ಯಾಕೆ ಕೊಟ್ಟಿರಿ ಅಂತ ಯೋಚಿಸಿ.

ಉಪ್ಪಿಗೊಂದು_ಕಲ್ಲು (ಮೈಸೂರು)

ಕುರಿ ಹಾಲಿಗೆ ನಾನು ಎಲ್ಲಿಗೆ ಹೋಗಲಿ? ಪನೀರನ್ನು ಉಪ್ಪುನೀರಿನಲ್ಲಿ ಎರಡು ದಿನ ಮುಳುಗಿಸಿಡುತ್ತೇನೆ, ಅದಕ್ಕೆ ಸ್ವಲ್ಪ ಹುಳಿ ಮೊಸರಿನ ನೀರು. ಉಪ್ಪೂ ಹಿಡಿಯುತ್ತದೆ, ಹುಳಿಯೂ. ನೀವು ಬಂದಾಗ ತಿನ್ನಿಸುತ್ತೇನೆ, ಆಮೇಲೆ ಹೇಳಿ.

ಕಡಲದಂಡೆ (ಥೆಸಲೊನೀಕಿ)

ಖಂಡಿತ ಬರುತ್ತೇನೆ. ಆದರೆ ಅದನ್ನು ಫೆಟಾ ಅಂತ ಕರೆಯಬೇಡಿ, ಕೋರ್ಟ್ ಇದೆ 😄

ಬಿಸಿಲು_ಬಾಲ್ಕನಿ (ಬಾರ್ಸಿಲೋನಾ)

ಚೀಸ್ ಜಗಳಕ್ಕೆ ನನ್ನ ಪರಿಹಾರ ಕೇಳಿ. ಚೀಸ್ ಇಲ್ಲದ್ದನ್ನೇ ಮಾಡಿ. ಇಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ತ್ರಂಪೋ ಅಂತ ಮಾಡುತ್ತಾರೆ. ಟೊಮೇಟೊ, ಈರುಳ್ಳಿ, ತಿಳಿ ಹಸಿರು ಬಣ್ಣದ ಖಾರವಿಲ್ಲದ ಮೆಣಸಿನಕಾಯಿ. ಉಪ್ಪು, ಎಣ್ಣೆ. ಇಷ್ಟೇ. ಬೇಸಿಗೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಜಾಸ್ತಿ ನನಗಂತೂ ಬೇಡ. ಊರಿನಲ್ಲಿ ಬಜ್ಜಿ ಮೆಣಸಿನಕಾಯಿಯಲ್ಲಿ ಮಾಡಿ ನೋಡಿದೆ, ಹೊಂದುತ್ತದೆ. ಒಳಗಿನ ನಾರು, ಬೀಜ ತೆಗೆಯಿರಿ.

ಇಲ್ಲಿನ ಜನರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಕಾಲ ಅಲ್ಲದ ಕಾಲದಲ್ಲಿ ಬೇಸಿಗೆಯ ಸಲಾಡ್ ಮಾಡುವುದಿಲ್ಲ. ಚಳಿಗಾಲಕ್ಕೆ ಬೇರೆ ಟೊಮೇಟೊ. ಚಿಕ್ಕದು, ದಪ್ಪ ತೊಗಲಿನದು, ದಾರಕ್ಕೆ ಪೋಣಿಸಿ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಅದನ್ನು ಹೆಚ್ಚುವುದೇ ಇಲ್ಲ. ಅಡ್ಡಕ್ಕೆ ಸೀಳಿ ಬ್ರೆಡ್ ಮೇಲೆ ತಿಕ್ಕಿ, ಉಪ್ಪು ಉದುರಿಸಿ ಎಣ್ಣೆ ಬಿಡುತ್ತಾರೆ. ನಾನಿರುವ ಕತಲೋನಿಯಾದ ಮನೆಮನೆಯ ತಿಂಡಿ ಇದು.

ಆಮೇಲೆ ದಕ್ಷಿಣ ಸ್ಪೇನ್‌ನ ಅಲ್ಮೆರಿಯಾ ಕಡೆಯ ರಾಫ್ ಟೊಮೇಟೊ. ಇದು ಚಳಿಗಾಲದಿಂದ ವಸಂತದವರೆಗೆ ಬರುತ್ತದೆ. ಉಪ್ಪು ನೀರಿನಲ್ಲಿ ಬೆಳೆಯುತ್ತಾರೆ. ಗಿಡಕ್ಕೆ ನೀರು ಕುಡಿಯಲು ಕಷ್ಟ, ಹಣ್ಣು ಸಣ್ಣದಾಗುತ್ತದೆ, ಸಿಹಿ ಒಟ್ಟಾಗುತ್ತದೆ. ಮೇಷ್ಟ್ರು ಹೇಳಿದ ಕಡು ಹಸಿರು ಹೆಗಲು ಇದಕ್ಕೆ ಎದ್ದು ಕಾಣುತ್ತದೆ.

ಕಡಲದಂಡೆ (ಥೆಸಲೊನೀಕಿ)

ನಮ್ಮ ಕಡೆ ಸಾಂತೊರಿನಿ ದ್ವೀಪದ ಚಿಕ್ಕ ಟೊಮೇಟೊ ಕಥೆಯೂ ಹಾಗೇ. ಜ್ವಾಲಾಮುಖಿಯ ಮಣ್ಣು, ನೀರು ಹಾಯಿಸುವುದೇ ಇಲ್ಲ. ನೋಡಲು ಗೋಲಿ ಗಾತ್ರ, ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ.

ಬಜಪೆ_ಟು_ದುಬೈ (ದುಬೈ)

ಎಲ್ಲರೂ ಯುರೋಪಿನ ದಡದಲ್ಲೇ ನಿಂತಿದ್ದೀರಲ್ಲ ಮಾರಾಯ್ರೆ! ಮೆಡಿಟರೇನಿಯನ್‌ಗೆ ಇನ್ನೊಂದು ದಡವೂ ಉಂಟು. ಇಲ್ಲಿ ನನ್ನ ಸಹೋದ್ಯೋಗಿಗಳು ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್, ಟರ್ಕಿಯವರು. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿನ ಮೇಲೆ ನಾಲ್ಕು ಬಗೆಯ ಟೊಮೇಟೊ ಸಲಾಡ್ ಇರುತ್ತದೆ.

ಟರ್ಕಿಯವರ ಕುರುಬರ ಸಲಾಡ್ ಎಲ್ಲಕ್ಕಿಂತ ಸುಲಭ. ಟೊಮೇಟೊ, ಮುಳ್ಳುಸೌತೆ, ಹಸಿ ಮೆಣಸು, ಈರುಳ್ಳಿ, ಕೊತ್ತಂಬರಿಯಂತೆ ಕಾಣುವ ಪಾರ್ಸ್ಲಿ ಸೊಪ್ಪು, ನಿಂಬೆರಸ, ಎಣ್ಣೆ. ಗ್ರೀಕರ ಹಾಗೆ ದೊಡ್ಡ ಹೋಳಲ್ಲ, ಸಣ್ಣಗೆ ಹೆಚ್ಚಬೇಕು. ಅವರದೇ ಇನ್ನೊಂದಕ್ಕೆ ಆಕ್ರೋಡು ಮತ್ತು ದಾಳಿಂಬೆ ರಸವನ್ನು ಕುದಿಸಿ ಗಟ್ಟಿ ಮಾಡಿದ ಪಾಕ ಬೀಳುತ್ತದೆ. ಟೊಮೇಟೊ ಅಷ್ಟು ಚೆನ್ನಾಗಿಲ್ಲದ ದಿನ ಇದು ಕೈ ಹಿಡಿಯುತ್ತದೆ.

ಲೆಬನಾನಿನವರ ಫತ್ತೂಶ್‌ಗೆ ಒಣಗಿದ ರೊಟ್ಟಿಯನ್ನು ಗರಿಗರಿ ಮಾಡಿ ಮುರಿದು ಹಾಕುತ್ತಾರೆ. ಹುಳಿಗೆ ಸುಮಾಕ್ ಅಂತ ಕೆಂಪು ಪುಡಿ. ಅದರಲ್ಲಿ ಒಂದು ದಪ್ಪ ಎಲೆಯ ಹುಳಿ ಸೊಪ್ಪು ಇತ್ತು. ಎಲ್ಲೋ ತಿಂದ ರುಚಿ ಅನ್ನಿಸಿ ಗಮನಿಸಿ ನೋಡಿದರೆ ನಮ್ಮ ಗೋಣಿ ಸೊಪ್ಪು! ಗದ್ದೆ ಬದುವಿನಲ್ಲಿ ತಾನಾಗಿ ಬೆಳೆಯುವುದು, ನಾವು ಸಾಂಬಾರಿಗೆ ಹಾಕುವುದು. ಇವರು ಹಸಿಯಾಗಿ ತಿನ್ನುತ್ತಾರೆ.

ಗಾಜಾದ ಸ್ನೇಹಿತರೊಬ್ಬರು ಮಾಡುವ ದಗ್ಗಾ ನನಗೆ ತುಂಬಾ ಇಷ್ಟ. ಮಣ್ಣಿನ ಬಟ್ಟಲಿನಲ್ಲಿ ಬೆಳ್ಳುಳ್ಳಿ, ಉಪ್ಪು, ಹಸಿ ಮೆಣಸು ಅರೆದು, ಅದಕ್ಕೇ ಟೊಮೇಟೊ ಹಾಕಿ ಜಜ್ಜುತ್ತಾರೆ. ಮೇಲೆ ಸಬ್ಬಸಿಗೆ ಸೊಪ್ಪು, ಆಲಿವ್ ಎಣ್ಣೆ. ಖಾರ ಬೇಕು ಅನ್ನುವ ನಮ್ಮವರಿಗೆ ಇದು ಒಂದೇ ಸಲಕ್ಕೆ ಹಿಡಿಸುತ್ತದೆ. ಮಿಕ್ಸಿ ಬೇಡ, ನೊರೆ ಬಂದು ಗುಲಾಬಿ ಬಣ್ಣ ಆಗುತ್ತದೆ. ಸಣ್ಣ ಕಲ್ಲಿನ ಕುಟ್ಟಾಣಿ ಇದ್ದರೆ ಸಾಕು.

ಜವಾರಿ_ಕೈರುಚಿ (ಧಾರವಾಡ)

ಇದು ನಮ್ಮ ಮನೆಗೆ ನಡೆಯುತ್ತದೆ ನೋಡ್ರಿ! ರೊಟ್ಟಿ ಜೊತೆ ಇವತ್ತೇ ಮಾಡುತ್ತೇನೆ. ಸಬ್ಬಸಿಗೆ ಮನೆಯಲ್ಲೇ ಐತಿ.

ಉಪ್ಪಿಗೊಂದು_ಕಲ್ಲು (ಮೈಸೂರು)

ಒರೆಗಾನೊ, ಬೇಸಿಲ್‌ಗೆ ಬದಲು ಏನು ಹಾಕಬಹುದು? ಪಿಜ್ಜಾ ಜೊತೆ ಬರುವ ಪೊಟ್ಟಣಗಳು ಡಬ್ಬಿ ತುಂಬ ಇವೆ.

ಮಲೆನಾಡ_ಮೇಷ್ಟ್ರು (ಶಿವಮೊಗ್ಗ)

ಆ ಪೊಟ್ಟಣಗಳಲ್ಲಿ ಬೆಳ್ಳುಳ್ಳಿ ಪುಡಿ, ಮೆಣಸಿನಕಾಯಿ, ಇನ್ನೇನೇನೋ ಬೆರೆತಿರುತ್ತದೆ. ಬೇಡ. ಶುದ್ಧ ಒಣ ಒರೆಗಾನೊ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ, ವರ್ಷಕ್ಕೆ ಒಂದು ಸಾಕು. ನಮ್ಮ ದೊಡ್ಡಪತ್ರೆಯಲ್ಲೂ ಒರೆಗಾನೊದಲ್ಲಿರುವ ಕಾರ್ವಕ್ರೋಲ್ ಎಂಬ ಅದೇ ಎಣ್ಣೆಯ ಅಂಶ ಇದೆ. ಒಂದು ಎಲೆಯನ್ನು ತೀರಾ ಸಣ್ಣಗೆ ಹೆಚ್ಚಿ ಹಾಕಿ. ಎರಡು ಹಾಕಿದರೆ ಕಷಾಯದ ನೆನಪು ಬರುತ್ತದೆ.

ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ. ಆದರೆ ಹಿತ್ತಲಿನ ಕಾಮಕಸ್ತೂರಿಯ ವಾಸನೆ ಇಟಲಿಯದಕ್ಕಿಂತ ಗಾಢ. ಕುಂಡದಲ್ಲಿ ಇಟಲಿಯ ಬೀಜ ಹಾಕಿದರೆ ಸುಲಭವಾಗಿ ಬರುತ್ತದೆ. ಪೂಜೆಯ ತುಳಸಿ ಬೇರೆ ಗಿಡ, ಅದನ್ನು ಇದಕ್ಕೆ ಎಳೆಯಬೇಡಿ.

ಟೊಮೇಟೊ_ತಲೆನೋವು (ಬೆಂಗಳೂರು)

ಎಲ್ಲರಿಗೂ ಧನ್ಯವಾದ. ಭಾನುವಾರ ಗಾಡಿಯಿಂದ ನಾಟಿ ಟೊಮೇಟೊ ತಂದು, ಫ್ರಿಜ್‌ಗೆ ಇಡದೆ, ಮೊದಲೇ ಉಪ್ಪು ಹಾಕಿ ಮಾಡಿದೆ. ಬಹಳ ವ್ಯತ್ಯಾಸ! ಆದರೆ ನಾಟಿ ಸ್ವಲ್ಪ ಜಾಸ್ತಿ ಹುಳಿ ಇತ್ತು. ಮನೆಯಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕು ಅಂದರು. ಹಾಕಬಹುದಾ? ಇನ್ನು ಎಣ್ಣೆ. ನನ್ನದು ಗಂಟಲಿಗೆ ಸ್ವಲ್ಪ ಖಾರ ಅನ್ನಿಸುತ್ತದೆ, ಕೆಟ್ಟಿದೆಯಾ?

ವೆಸುವಿಯಸ್_ಕೆಳಗೆ (ನೇಪಲ್ಸ್)

ಗಂಟಲು ಚುರುಗುಟ್ಟಿದರೆ ಅದು ತಾಜಾ ಎಣ್ಣೆಯ ಗುಣ. ಸಂತೋಷಪಡಿ. ಕೆಟ್ಟಿದ್ದರೆ ಹಳೆಯ ಶೇಂಗಾ ಮುಗ್ಗಿದ ವಾಸನೆ ಬರುತ್ತದೆ. ಬಾಟಲಿ ಮೇಲೆ ಪೊಮೆಸ್ (ಹಿಂಡಿಯಿಂದ ತೆಗೆದದ್ದು), ಎಕ್ಸ್‌ಟ್ರಾ ಲೈಟ್ (ಶುದ್ಧೀಕರಿಸಿ ರುಚಿ ಹೋದದ್ದು) ಅಂತ ಇರುವುದನ್ನು ಹುರಿಯಲು ಇಟ್ಟುಕೊಳ್ಳಿ, ಹಸಿ ಸಲಾಡ್‌ಗೆ ಅದರಲ್ಲಿ ಏನೂ ಇಲ್ಲ. ಕಪ್ಪು ಗಾಜಿನ ಸಣ್ಣ ಬಾಟಲಿ ತನ್ನಿ, ಒಲೆ ಪಕ್ಕ ಇಡಬೇಡಿ.

ಸಕ್ಕರೆ ಹಾಕಿದರೆ ಪೊಲೀಸರು ಬರುವುದಿಲ್ಲ, ಆದರೆ ಹಣ್ಣನ್ನು ಇನ್ನೊಂದು ದಿನ ಹೊರಗಿಡುವುದು ಒಳ್ಳೆಯದು. ಎಣ್ಣೆ ಜಾಸ್ತಿ ಮಾಡಿದರೂ ಹುಳಿ ತಗ್ಗುತ್ತದೆ.

ಕಡಲದಂಡೆ (ಥೆಸಲೊನೀಕಿ)

ಹುಳಿ ಟೊಮೇಟೊಗೆ ನಾಟಿ ಅರ್ಧ, ಚೆರಿ ಟೊಮೇಟೊ ಅರ್ಧ ಮಾಡಿ. ಈರುಳ್ಳಿ ಘಾಟು ಇದ್ದರೆ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿ ಹಿಂಡಿ. ನಮ್ಮ ಊರಿನ ಈರುಳ್ಳಿ ಇಲ್ಲಿನದಕ್ಕಿಂತ ಜೋರು.

ಟೊಮೇಟೊ_ತಲೆನೋವು (ಬೆಂಗಳೂರು)

ಸರಿ ಮೇಡಂ. ಕೊನೆಯ ಪ್ರಶ್ನೆ. ಈ ಸಲ ರಸ ಚೆಲ್ಲಲಿಲ್ಲ, ಆದರೆ ಅದ್ದಲು ಮನೆಯಲ್ಲಿದ್ದ ಸ್ಯಾಂಡ್‌ವಿಚ್ ಬ್ರೆಡ್ ಮುದ್ದೆಯಾಗಿ ಕರಗಿಹೋಯಿತು. ಅದೂ ಸಿಹಿ. ಯಾವ ಬ್ರೆಡ್ ತರಬೇಕು?

ವೆಸುವಿಯಸ್_ಕೆಳಗೆ (ನೇಪಲ್ಸ್)

ಸಕ್ಕರೆ, ಹಾಲು ಇಲ್ಲದ, ಹೊರಗೆ ಗಟ್ಟಿ ಇರುವ ಬ್ರೆಡ್. ಬೇಕರಿಯಲ್ಲಿ ಸೋರ್‌ಡೋ, ಅಂದರೆ ಹುಳಿ ಬರಿಸಿದ ಹಿಟ್ಟಿನ ಬ್ರೆಡ್, ಅಂತ ಕೇಳಿ. ನಿನ್ನೆಯದಾದರೆ ಇನ್ನೂ ಒಳ್ಳೆಯದು. ಇಟಲಿಯ ಟಸ್ಕನಿಯಲ್ಲಿ ಪಂಜನೆಲ್ಲಾ ಅನ್ನುವ ಬ್ರೆಡ್ ಸಲಾಡ್ ಹುಟ್ಟಿದ್ದೇ ಒಣಗಿದ ಬ್ರೆಡ್ ಖರ್ಚು ಮಾಡಲು. ಅಲ್ಲಿನ ಬ್ರೆಡ್‌ಗೆ ಉಪ್ಪೂ ಇರುವುದಿಲ್ಲ. ಅದನ್ನು ನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಉದುರಿಸಿ, ಟೊಮೇಟೊ, ಈರುಳ್ಳಿ, ಸೌತೆಕಾಯಿ, ಬೇಸಿಲ್, ಎಣ್ಣೆ, ವಿನೆಗರ್ ಜೊತೆ ಕಲಸುತ್ತಾರೆ. ಹೌದು, ಇದಕ್ಕೆ ವಿನೆಗರ್ ಬೇಕು. ಕಪ್ರೇಸೆಗೆ ಮಾತ್ರ ಬೇಡ ಅಂದದ್ದು.

ಬಜಪೆ_ಟು_ದುಬೈ (ದುಬೈ)

ಉಳಿದ ಚಪಾತಿ ಹಂಚಿನ ಮೇಲೆ ಗರಿಗರಿ ಮಾಡಿ ಮುರಿದು ಹಾಕಿ. ಫತ್ತೂಶ್ ಆಯಿತು.

ಕಡಲದಂಡೆ (ಥೆಸಲೊನೀಕಿ)

ನನ್ನ ಮತ ಕ್ರೀಟ್ ದ್ವೀಪದ ಡಾಕೋಸ್‌ಗೆ. ಬಾರ್ಲಿ ಹಿಟ್ಟಿನ ಗಟ್ಟಿ ರಸ್ಕ್ ಮೇಲೆ ಟೊಮೇಟೊವನ್ನು ತುರಿದು ಹಾಕುತ್ತಾರೆ. ಅಡ್ಡಕ್ಕೆ ಸೀಳಿ, ಕೊಯ್ದ ಬದಿಯನ್ನು ತುರಿಮಣೆಗೆ ಉಜ್ಜಿದರೆ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಮೇಲೆ ಮಿಝಿಥ್ರಾ ಅನ್ನುವ ಮೆದು ಚೀಸ್, ಒರೆಗಾನೊ, ಎಣ್ಣೆ. ಐದು ನಿಮಿಷ ಬಿಟ್ಟರೆ ರಸ್ಕ್ ರಸ ಕುಡಿದು ಅರ್ಧ ಮೆದು, ಅರ್ಧ ಗಟ್ಟಿ ಆಗುತ್ತದೆ. ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಬೇಕರಿ ರಸ್ಕ್ ತರಬೇಡಿ, ಅದು ಸಿಹಿ, ಏಲಕ್ಕಿ ಬೇರೆ ಇರುತ್ತದೆ. ಸೋರ್‌ಡೋವನ್ನು ದಪ್ಪಗೆ ಕೊಯ್ದು ಓವನ್‌ನಲ್ಲಿ 100 ಡಿಗ್ರಿಗೆ ಎರಡು ಗಂಟೆ ಒಣಗಿಸಿ. ಮಿಝಿಥ್ರಾ ಬದಲಿಗೆ ಉಪ್ಪಿಗೊಂದು_ಕಲ್ಲು ಅವರ ಉಪ್ಪುನೀರಿನ ಪನೀರ್ ಪುಡಿ ಮಾಡಿ ಹಾಕಿ. ಇದಕ್ಕೆ ಅದು ಸರಿಹೋಗಬಹುದು.

ಉಪ್ಪಿಗೊಂದು_ಕಲ್ಲು (ಮೈಸೂರು)

ಈ ಮಾತನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ ಮೇಡಂ.